ಷರಾ ಕಾಲಂನಲ್ಲಿದ್ದ ಏಳು ಸೆಕೆಂಡು

2002ರ ಜುಲೈನಲ್ಲಿ ನನಗೆ ಅಹಮದಾಬಾದಿಗೆ ವರ್ಗವಾಯಿತು. ಹುದ್ದೆಯ ಹೆಸರು ಸಂಯೋಜಕ ವಿಜ್ಞಾನಿ. ಕೇಳಲು ದೊಡ್ಡದಾಗಿದ್ದರೂ ಕೆಲಸ ಒಂದೇ ಸಾಲಿನದು: ನ್ಯೂಟ್ರಾನ್ ನಕ್ಷತ್ರಗಳನ್ನು ವೀಕ್ಷಿಸುವವರನ್ನೂ ಅವುಗಳ ಬಗ್ಗೆ ಸಿದ್ಧಾಂತ ಕಟ್ಟುವವರನ್ನೂ ಒಂದೇ ಮೇಜಿನ ಸುತ್ತ ಕೂರಿಸುವುದು. ವೀಕ್ಷಕರು ಅಹಮದಾಬಾದಿನ ಹೊರವಲಯದ ಒಂದು ರೇಡಿಯೊ ವೀಕ್ಷಣಾ ಕೇಂದ್ರದಲ್ಲಿದ್ದರು. ಸಿದ್ಧಾಂತಿಗಳು ವಡೋದರಾದಲ್ಲಿದ್ದರು. ನಡುವೆ ರೈಲಿನಲ್ಲಿ ಎರಡು ಗಂಟೆಯ ದಾರಿ. ಆದರೂ ಎಷ್ಟೋ ವರ್ಷಗಳಿಂದ ಅವರು ಒಟ್ಟಿಗೆ ಕುಳಿತು ಒಂದು ಲೋಟ ಚಹಾ ಕುಡಿದದ್ದೂ ಇರಲಿಲ್ಲ.

ನ್ಯೂಟ್ರಾನ್ ನಕ್ಷತ್ರವೆಂದರೆ ಸತ್ತ ದೊಡ್ಡ ನಕ್ಷತ್ರದ ಉಳಿಕೆ. ಸೂರ್ಯನಿಗಿಂತ ಹೆಚ್ಚು ದ್ರವ್ಯ ಸುಮಾರು ಇಪ್ಪತ್ತು ಕಿಲೋಮೀಟರ್ ಅಗಲದ ಗೋಳದೊಳಗೆ ಅಡಕವಾಗಿರುತ್ತದೆ. ಅದು ತಿರುಗುವಾಗ ರೇಡಿಯೊ ಅಲೆಯ ಒಂದು ಪಟ್ಟಿ ದೀಪಸ್ತಂಭದ ಬೆಳಕಿನಂತೆ ನಮ್ಮನ್ನು ಹಾದುಹೋಗುತ್ತದೆ. ಆ ಮಿಡಿತಗಳ ನಡುವಿನ ಅವಧಿಯನ್ನು ಅಳೆಯುವುದೇ ವೀಕ್ಷಕರ ಕೆಲಸ. ಅವಧಿ ಬಹಳ ನಿಧಾನವಾಗಿ ಹೆಚ್ಚುತ್ತ ಹೋಗುತ್ತದೆ, ಅಂದರೆ ನಕ್ಷತ್ರ ನಿಧಾನವಾಗುತ್ತದೆ. ಆದರೆ ಅಪರೂಪಕ್ಕೊಮ್ಮೆ ಅದು ಇದ್ದಕ್ಕಿದ್ದಂತೆ ಚೂರು ವೇಗವಾಗಿ ತಿರುಗತೊಡಗುತ್ತದೆ. ಇದಕ್ಕೆ ಗ್ಲಿಚ್ ಎನ್ನುತ್ತಾರೆ. ನಕ್ಷತ್ರದ ಗಟ್ಟಿ ಹೊರಪದರ ಬಿರುಕು ಬಿಟ್ಟು ಹೀಗಾಗುತ್ತದೆಯೇ, ಒಳಗಿನ ದ್ರವದಿಂದಾಗುತ್ತದೆಯೇ ಎಂಬುದು ಸಿದ್ಧಾಂತಿಗಳ ಜಗಳ.

ಮೊದಲ ಜಂಟಿ ಸಭೆಯನ್ನು ಆ ಅಕ್ಟೋಬರಿನಲ್ಲಿ ನಡೆಸಿದೆ. ಮಧ್ಯಾಹ್ನದ ಊಟ ಅಹಮದಾಬಾದಿನ ಮಣಿನಗರದಲ್ಲಿದ್ದ, ನಮ್ಮ ಊರ ಕಡೆಯ ಶೆಟ್ಟರ ಹೋಟೆಲಿನಿಂದ ಬಂದಿತ್ತು. ಬಡಿಸಲು ಶೆಟ್ಟರೇ ಬಂದಿದ್ದರು. ವೀಕ್ಷಕರೆಲ್ಲ ಕಿಟಕಿಯ ಪಕ್ಕ, ಸಿದ್ಧಾಂತಿಗಳೆಲ್ಲ ಗೋಡೆಯ ಪಕ್ಕ ಕೂತದ್ದನ್ನು ನೋಡಿ ನನ್ನ ಕಿವಿಯಲ್ಲಿ, "ಎಂತ ಹೆಬ್ಬಾರ್ರೆ, ಒಂದೇ ಸಾಂಬಾರಿಗೆ ಎರಡು ಪಂಕ್ತಿ ಯಾಕೆ? ಹುಡುಗಿ ಕಡೆ, ಹುಡುಗನ ಕಡೆ ಅಂತ ಉಂಟಾ?" ಎಂದರು. ಸಭೆಯಲ್ಲಿ ನಡೆದದ್ದೂ ಅದೇ. ವೀಕ್ಷಕರು ಹತ್ತು ವರ್ಷದ ರಿಜಿಸ್ಟರುಗಳನ್ನು ಹೊತ್ತು ತಂದಿದ್ದರು. ತಾರೀಖು, ಹೊತ್ತು, ಅವಧಿ, ಷರಾ ಎಂದು ನಾಲ್ಕು ಕಾಲಂಗಳು. ಆ ದಿನ ಗಮನಿಸಿದ್ದನ್ನು ಬರೆದಿಡುವ ಷರಾ ಕಾಲಂ ಗುಜರಾತಿಯಲ್ಲಿ ತುಂಬಿತ್ತು. ಸಿದ್ಧಾಂತಿಗಳು ಎರಡು ಪುಟ ತಿರುವಿ ಕೈಬಿಟ್ಟರು. ಇದು ಕಿರಾಣಿ ಅಂಗಡಿಯ ಪುಸ್ತಕದ ಹಾಗಿದೆ, ನಮಗೆ ಅಂಕಿ ಕೊಡಿ ಸಾಕು ಎಂದು ಅವರಲ್ಲೊಬ್ಬರು ಹೇಳಿದರು. ವೀಕ್ಷಕರ ಮುಖ ಕಪ್ಪಿಟ್ಟಿತು.

ಜಗಳ ತಪ್ಪಿಸಲು ನಾನು ಒಂದು ನಿಯಮ ಮಾಡಿದೆ. ಇನ್ನು ಮುಂದೆ ವಡೋದರಾಕ್ಕೆ ಹೋಗುವ ಪಟ್ಟಿಯಲ್ಲಿ ಎರಡೇ ಕಾಲಂ, ದಿನಸಂಖ್ಯೆ ಮತ್ತು ಅವಧಿ. ದಿನಸಂಖ್ಯೆ ಎಂದರೆ 1858ರ ನವೆಂಬರ್ 17ರಿಂದ ಒಂದೊಂದೇ ದಿನವನ್ನು ಎಣಿಸುತ್ತ ಬಂದ ಸಂಖ್ಯೆ. ತಿಂಗಳು, ಅಧಿಕ ವರ್ಷಗಳ ತೊಡಕಿಲ್ಲದೆ ಲೆಕ್ಕ ಮಾಡಲು ಜಗತ್ತಿನ ಎಲ್ಲ ಖಗೋಳ ವಿಜ್ಞಾನಿಗಳೂ ಅದನ್ನೇ ಬಳಸುತ್ತಾರೆ. ಟೈಪಿಸ್ಟರು ರಿಜಿಸ್ಟರಿನ ಅಂಕಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಷರಾ ಬಿಟ್ಟುಹೋಯಿತು. ನಾನೇ ಬಿಡಿಸಿದೆ. ಎರಡು ಗುಂಪಿನ ನಡುವೆ ಮೊದಲ ಬಾರಿಗೆ ಅಂಕಿಗಳು ಸಲೀಸಾಗಿ ಓಡಾಡತೊಡಗಿದಾಗ ಹೆಮ್ಮೆಯಿಂದ ಬೀಗಿದ್ದೂ ಉಂಟು.

ಆ ಪಟ್ಟಿಯನ್ನು ಎಲ್ಲರಿಗಿಂತ ಶ್ರದ್ಧೆಯಿಂದ ಓದಿದವಳು ಶೈಲಜಾ. ಗದಗಿನ ಹುಡುಗಿ, ವಯಸ್ಸು ಇಪ್ಪತ್ತೊಂಬತ್ತು. 2001ರ ಆಗಸ್ಟಿನಲ್ಲಿ ವಡೋದರಾಕ್ಕೆ ಬಂದು, ಇನ್ನಿಬ್ಬರು ಕನ್ನಡದ ಹುಡುಗಿಯರ ಜೊತೆ ಬಾಡಿಗೆ ಫ್ಲ್ಯಾಟಿನಲ್ಲಿದ್ದಳು. ನಮ್ಮ ಕೇಂದ್ರದ ಆಂಟೆನಾ ನೆಟ್ಟಲ್ಲೇ ನಿಂತಿರುವಂಥದು. ದಿನಕ್ಕೊಮ್ಮೆ ಒಂದು ನಕ್ಷತ್ರ ಅದರ ಮೇಲೆ ಹಾದುಹೋಗುವಾಗ ಯಂತ್ರ ತಾನಾಗಿ ದಾಖಲಿಸುತ್ತದೆ. ಆ ನಕ್ಷತ್ರವನ್ನು ದಿನವೂ ನೋಡುತ್ತಿದ್ದವರು ಬೇರೆ ಯಾರೂ ಇರಲಿಲ್ಲ. ಅದರಲ್ಲಿ ದಿನಸಂಖ್ಯೆ 51935ರಂದು ಗ್ಲಿಚ್ ಆಗಿದೆ ಎಂದು ಶೈಲಜಾ ಕಂಡುಹಿಡಿದಳು. ವೇಗ ಹತ್ತು ಲಕ್ಷ ಭಾಗದಲ್ಲಿ 0.98 ಭಾಗದಷ್ಟು ಏರಿತ್ತು. ಅದು ದೊಡ್ಡ ಗ್ಲಿಚ್. ವಿಚಿತ್ರವೆಂದರೆ ಎಂಬತ್ತಮೂರು ದಿನಗಳ ನಂತರ, 52018ರಂದು, ನಕ್ಷತ್ರ ತನ್ನ ಹಳೆಯ ವೇಗಕ್ಕೇ ಮರಳಿತ್ತು. ಗ್ಲಿಚ್ ಆದ ನಕ್ಷತ್ರ ಸ್ವಲ್ಪ ಚೇತರಿಸಿಕೊಳ್ಳುವುದು ಗೊತ್ತಿದ್ದ ವಿಷಯ. ಏನೂ ಆಗಿಲ್ಲವೆಂಬಂತೆ ಪೂರ್ತಿ ಮರಳುವುದನ್ನು ಯಾರೂ ನೋಡಿರಲಿಲ್ಲ. ಎಂಟು ತಿಂಗಳು ಕೂತು ಅದಕ್ಕೊಂದು ಸುಂದರವಾದ ವಿವರಣೆ ಕಟ್ಟಿದಳು. ಪ್ರಬಂಧ ಒಂದು ಹೆಸರಾಂತ ಪತ್ರಿಕೆಯಲ್ಲಿ ಸ್ವೀಕೃತವಾಯಿತು. ಸಹಲೇಖಕರ ಸಾಲಿನಲ್ಲಿ ನನ್ನ ಹೆಸರೂ ಇತ್ತು.

2003ರ ಡಿಸೆಂಬರಿನ ಎರಡನೆಯ ಶನಿವಾರ ವಡೋದರಾದಲ್ಲಿ ದೊಡ್ಡ ಸಭೆ ಗೊತ್ತಾಗಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಶೈಲಜಾಳ ಭಾಷಣ. ದಕ್ಷಿಣದ ಒಂದು ಸಂಶೋಧನಾ ಸಂಸ್ಥೆಯಿಂದ ಇಬ್ಬರು ಹಿರಿಯರು ಬರುವವರಿದ್ದರು. ಅಲ್ಲಿನ ಖಾಯಂ ಹುದ್ದೆಗೆ ಆಕೆಯ ಹೆಸರು ಕೊನೆಯ ಸುತ್ತಿನಲ್ಲಿತ್ತು. ವಡೋದರಾದ ಅವಧಿ ಮಾರ್ಚಿಗೆ ಮುಗಿಯುತ್ತಿತ್ತು, ಬೇರೆ ಕೆಲಸ ಕೈಯಲ್ಲಿರಲಿಲ್ಲ. ಪ್ರಬಂಧದ ಕೊನೆಯ ಪ್ರೂಫ್ ಸೋಮವಾರ ವಾಪಸ್ ಹೋಗಬೇಕಿತ್ತು.

ವಡೋದರಾಕ್ಕೂ ಬಂದು ಅಡುಗೆ ಮಾಡಿಸಲು ಶೆಟ್ಟರು ಒಪ್ಪಿದ್ದರು. ಗುರುವಾರ ಮಧ್ಯಾಹ್ನ ಊಟದ ಸಂಖ್ಯೆ ಹೇಳಲು ಅವರ ಹೋಟೆಲಿಗೆ ಹೋದೆ. ಸಭೆಗೆ ಬರುವ ಪತ್ರಕರ್ತರಿಗಾಗಿ ಒಂದು ಪುಟದ ಟಿಪ್ಪಣಿ ಬರೆಯುವುದು ಬಾಕಿಯಿತ್ತು. ಜನಸಾಮಾನ್ಯರಿಗೆ 51935 ಎಂದರೆ ಅರ್ಥವಾಗುವುದಿಲ್ಲವೆಂದು ತಾರೀಖು ಹಾಕಲು ಅಲ್ಲೇ ಮೇಜಿನ ಮೇಲೆ ಡೈರಿ ತೆರೆದೆ. ಪ್ರತಿ ವರ್ಷದ ಜನವರಿ ಒಂದರ ದಿನಸಂಖ್ಯೆ ಅದರಲ್ಲಿ ಬರೆದಿಟ್ಟುಕೊಂಡಿದ್ದೆ. 2001ರದ್ದು 51910. ಇನ್ನೂ ಇಪ್ಪತ್ತೈದು ಕೂಡಿಸಿ, ಬರೆಯುತ್ತ ಬಾಯಲ್ಲೂ ಹೇಳಿಕೊಂಡೆ: ಎರಡು ಸಾವಿರದ ಒಂದು, ಜನವರಿ ಇಪ್ಪತ್ತಾರು.

ಎದುರು ಕೂತು ವೀಳ್ಯದೆಲೆ ಒರೆಸುತ್ತಿದ್ದ ಶೆಟ್ಟರ ಕೈ ನಿಂತಿತು. "ಅದು ಆ ದಿನ ಅಲ್ವಾ ಮಾರಾಯ್ರೆ," ಎಂದರು. "ಕಲ್ಲಿನ ಮೇಲೆ ಹೊಯ್ದ ದೋಸೆ ಹಾಗೆಯೇ ಕರಕಲಾಯ್ತು. ಎತ್ತುವುದಕ್ಕೆ ಒಳಗೆ ಒಬ್ಬ ಇರಲಿಲ್ಲ. ನಿಮ್ಮ ನಕ್ಷತ್ರಕ್ಕೂ ಅವತ್ತೇ ಎಂತದೋ ಆಯ್ತಾ?"

ಬೆಳಿಗ್ಗೆ ಎಂಟು ನಲವತ್ತಾರರ ಭೂಕಂಪ. ಗುಜರಾತಿನಲ್ಲಿ ಆ ತಾರೀಖು ಗೊತ್ತಿಲ್ಲದ ಮನುಷ್ಯನಿಲ್ಲ. ಮಣಿನಗರದಲ್ಲಂತೂ ಕಟ್ಟಡಗಳೇ ಕುಸಿದಿದ್ದವು. ಶೆಟ್ಟರ ಕ್ಯಾಷ್ ಕೌಂಟರಿನ ಹಿಂದಿನ ಗೋಡೆಯಲ್ಲಿ ಆವತ್ತಿನ ಬಿರುಕಿನ ಮೇಲೆ ಬಳಿದ ಸಿಮೆಂಟಿನ ಗೆರೆ ಇನ್ನೂ ಕಾಣುತ್ತಿತ್ತು. ನಾನೂ ಶೈಲಜಾಳೂ ಆ ಮೇಲೆ ಬಂದವರು. ನಮಗದು ಪತ್ರಿಕೆಯಲ್ಲಿ ಓದಿದ ಸುದ್ದಿ. ಆದರೆ ನಮ್ಮ ಗುಂಪಿನಲ್ಲಿದ್ದ ಗುಜರಾತಿಗಳು? ಅವರ ಕಣ್ಣಿಗೂ ವರ್ಷವಿಡೀ ಬಿದ್ದದ್ದು 51935 ಎಂಬ ಅಂಕಿ ಮಾತ್ರ. ಅದನ್ನು ಹಾಗೆ ಮಾಡಿಕೊಟ್ಟವನು ನಾನು.

ಊಟ ಬಿಟ್ಟು ಎದ್ದೆ. ಆಟೊ ಹಿಡಿದು ಕೇಂದ್ರಕ್ಕೆ ಹೋಗುವಷ್ಟರಲ್ಲಿ ಮೂರು ಗಂಟೆ. ದಾರಿಯುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಯಂತ್ರ ಅಂದು ನಿಂತಿರಲಿಲ್ಲ, ಜನರೇಟರ್ ಇತ್ತು, ಒಂದು ದಿನದ ದಾಖಲೆಯೂ ತಪ್ಪಿರಲಿಲ್ಲ. ಕಾಕತಾಳೀಯ ಆಗಬಾರದೆಂದೇನಿದೆ? ಕಬ್ಬಿಣದ ಬೀರುವಿನಿಂದ 2001ರ ರಿಜಿಸ್ಟರ್ ತೆಗೆದೆ. ಅಷ್ಟು ದಿನ ಅದೇ ಕೊಠಡಿಯಲ್ಲಿ ಕೂತಿದ್ದರೂ ಅದನ್ನು ತೆರೆದದ್ದು ಅದೇ ಮೊದಲು. ನನಗೆ ಗುಜರಾತಿ ಅಕ್ಷರ ಕೂಡಿಸಿ ಓದುವಷ್ಟು ಬರುತ್ತಿತ್ತು. ಜನವರಿ 26ರ ಎದುರು ಷರಾದಲ್ಲಿ ಇಷ್ಟೇ: ಭೂಕಂಪ, ಗಡಿಯಾರದ ಕೆಂಪು ದೀಪ ಹತ್ತಿದೆ. ಮನೆಗೆ ಹೋಗುತ್ತಿದ್ದೇನೆ. ಕೆಳಗೆ ಟೆಕ್ನೀಷಿಯನ್ ಜಯಂತಿಭಾಯಿಯ ಸಹಿ. ಆಮೇಲೆ ಹನ್ನೊಂದು ದಿನ ಯಾರ ಕೈಬರಹವೂ ಇರಲಿಲ್ಲ, ಯಂತ್ರ ಮುದ್ರಿಸಿದ ಚೀಟಿಗಳನ್ನು ನಂತರ ಅಂಟಿಸಿದ್ದರು. ಫೆಬ್ರವರಿ 7ರಂದು ಮತ್ತೆ ಅದೇ ಕೈಬರಹ: ಜಿಪಿಎಸ್ ಆಂಟೆನಾ ಮಾಳಿಗೆಯಿಂದ ಬಿದ್ದಿದೆ, ಕೇಬಲ್ ತುಂಡಾಗಿದೆ, ಗಡಿಯಾರ ಒಳಗಿನ ಹರಳಿನ ಮೇಲೆ ನಡೆಯುತ್ತಿದೆ, ಹೊಸದಕ್ಕೆ ಪತ್ರ ಬರೆದಿದೆ. ಕೊನೆಗೆ ಏಪ್ರಿಲ್ 19: ಹೊಸ ಆಂಟೆನಾ ಹಾಕಿದೆ. ಫರಕು 7 ಸೆಕೆಂಡು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕೇಂದ್ರದ ಗಡಿಯಾರ ತನ್ನ ಹೊತ್ತನ್ನು ಉಪಗ್ರಹಗಳ ಸಂಕೇತದಿಂದ ಸರಿಪಡಿಸಿಕೊಳ್ಳುತ್ತದೆ. ಸಂಕೇತ ತಪ್ಪಿದರೆ ಒಳಗಿರುವ ಒಂದು ಸಾಧಾರಣ ಕ್ವಾರ್ಟ್ಸ್ ಹರಳಿನ ಮೇಲೆ ನಡೆಯುತ್ತದೆ, ಕೈಗಡಿಯಾರದ ಹಾಗೆ. ಹರಳು ದಿನಕ್ಕೆ ಸೆಕೆಂಡಿನ ಹನ್ನೆರಡನೆಯ ಒಂದು ಭಾಗದಷ್ಟು ತಪ್ಪಿದರೂ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಗಡಿಯಾರ ನಿಧಾನವಾದರೆ ಅದರಿಂದ ಅಳೆದ ನಕ್ಷತ್ರ ಅಷ್ಟೇ ವೇಗವಾಗಿ ತಿರುಗಿದಂತೆ ಕಾಣುತ್ತದೆ. ಏಪ್ರಿಲ್ 19ರ ದಿನಸಂಖ್ಯೆ ಡೈರಿ ನೋಡಿ ಲೆಕ್ಕ ಹಾಕಿದೆ. 52018. ಎಂಬತ್ತಮೂರು ದಿನಗಳಿಗೆ 71,71,200 ಸೆಕೆಂಡು. ಏಳನ್ನು ಅದರಿಂದ ಭಾಗಿಸಿದೆ. ಹತ್ತು ಲಕ್ಷಕ್ಕೆ 0.976 ಬಂತು. ಶೈಲಜಾಳ ಪ್ರಬಂಧದ ಮೊದಲ ಪುಟದಲ್ಲಿದ್ದ ಸಂಖ್ಯೆ 0.98.

ಮೂರು ಬಾರಿ ಭಾಗಿಸಿದೆ. ಆಗ ಒಂದು ಎಳೆ ಆಸೆ ಸಿಕ್ಕಿತು. ಫರಕು ಏಳು ಸೆಕೆಂಡು ಎಂದಷ್ಟೇ ಬರೆದಿತ್ತು. ಗಡಿಯಾರ ಏಳು ಸೆಕೆಂಡು ಹಿಂದಿತ್ತೋ, ಮುಂದಿತ್ತೋ? ಹಿಂದಿದ್ದರೆ ನಕ್ಷತ್ರಕ್ಕೆ ಏನೂ ಆಗಿರಲಿಲ್ಲ. ಮುಂದಿದ್ದರೆ ಗ್ಲಿಚ್ ನಿಜ, ಇನ್ನೂ ದೊಡ್ಡದು. ಹಾಗಾಗುವ ಸಂಭವ ಎಷ್ಟು ಕಡಿಮೆ ಎಂದು ನನಗೆ ಗೊತ್ತಿತ್ತು. ಆದರೂ ಒಂದು ಅಕ್ಷರವೂ ಇಲ್ಲದ ಕಡೆ ಊಹೆಯ ಮೇಲೆ ಒಬ್ಬಳ ಕೆಲಸವನ್ನು ಹಾಳುಮಾಡುವುದು ಹೇಗೆ? ಅಂದಿನ ಕೇಂದ್ರದ ಮುಖ್ಯಸ್ಥರು ನಿವೃತ್ತರಾಗಿ ವಿದೇಶದಲ್ಲಿ ಮಗಳ ಮನೆಯಲ್ಲಿದ್ದರು. ಜಯಂತಿಭಾಯಿ 2001ರ ಕೊನೆಗೇ ಕೆಲಸ ಬಿಟ್ಟು ಸೂರತ್‌ಗೆ ಹೋಗಿ, ವಜ್ರಕ್ಕೆ ಸಾಣೆ ಹಿಡಿಯುವ ಒಂದು ಕಾರ್ಖಾನೆ ಸೇರಿದ್ದರು. ಕಾವಲುಗಾರನ ಬಳಿ ಕಾರ್ಖಾನೆಯ ಹೆಸರಿತ್ತು, ಫೋನ್ ನಂಬರ್ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಮಣಿನಗರದಲ್ಲಿ ಸೂರತ್‌ ಕಡೆಯ ರೈಲು ಹತ್ತಿದೆ. ರಿಜಿಸ್ಟರ್ ಚೀಲದಲ್ಲಿತ್ತು. ವಡೋದರಾ ಸ್ಟೇಷನ್ನಿನಲ್ಲಿ ರೈಲು ನಿಂತಿದ್ದಾಗಲೇ ಮೊಬೈಲ್ ಬಡಿಯಿತು. ಶೈಲಜಾ.

"ಸರ್, ಎಲ್ಲಿದ್ದೀರ್ರೀ? ಪತ್ರಿಕೆಯವರ ಹಾಳಿ ತಯಾರಾತೇನ್ರೀ?"

ಆಗುತ್ತಿದೆ ಎಂದೆ.

"ನಮ್ಮವ್ವ ಗದಗಿನಿಂದ ಫೋನ್ ಮಾಡಿದ್ಲು. ಭಾಷಣ ಇವತ್ತಲ್ಲ, ನಾಳೆ ಐತಿ ಅಂದ್ರ ಕೇಳವಲ್ಲಳು, ಇವತ್ತ ಗುಡಿಗೆ ಹೋಗಿ ಬಂದಾಳ." ನಕ್ಕಳು. "ನೀವು ಯಾಕ ಸುಮ್ಮನಿದ್ದೀರಿ?"

ಸಿಗ್ನಲ್ ಸರಿಯಿಲ್ಲ ಎಂದು ಸುಳ್ಳು ಹೇಳಿ ಕಟ್ ಮಾಡಿದೆ. ಆಕೆ ಇದ್ದ ಕಟ್ಟಡ ಆ ಸ್ಟೇಷನ್ನಿನಿಂದ ನಡೆದರೆ ಹದಿನೈದು ನಿಮಿಷ. ಇಳಿದುಬಿಡಲೇ ಎಂದು ಬಾಗಿಲ ತನಕ ಹೋದವನು ರೈಲು ಹೊರಟದ್ದರಿಂದ ಅಲ್ಲೇ ನಿಂತೆ. ಸೂರತ್ ಬರುವವರೆಗೆ ನಾನು ಮನಸ್ಸಿನಲ್ಲೇ ಒಂದೇ ಲೆಕ್ಕ ಹಾಕುತ್ತಿದ್ದೆ. ಟಿಪ್ಪಣಿಯನ್ನು ಬೇರೆಯವರಿಗೆ ಬರೆಯಲು ಕೊಟ್ಟಿದ್ದರೆ? ಶೆಟ್ಟರು ಆಗ ಗಿರಾಕಿಯೊಬ್ಬರ ಜೊತೆ ಮಾತಾಡುತ್ತಿದ್ದರೆ? ಮಂಗಳವಾರದ ಹೊತ್ತಿಗೆ ಪ್ರಬಂಧ ನಮ್ಮ ಕೈಮೀರಿ ಹೋಗಿರುತ್ತಿತ್ತು. ಬೇರೆ ದೇಶದವರ ದೊಡ್ಡ ದೂರದರ್ಶಕಗಳು ಆ ನಕ್ಷತ್ರದತ್ತ ತಿರುಗುತ್ತಿದ್ದವು. ಒಂದಲ್ಲ ಒಂದು ದಿನ ಯಾರೋ ತಾರೀಖು ಲೆಕ್ಕ ಹಾಕುತ್ತಿದ್ದರು. ಆಗ ನಗೆಪಾಟಲಿಗೆ ಗುರಿಯಾಗುತ್ತಿದ್ದುದು ನಾನಲ್ಲ, ಅವಳು.

ಸೂರತ್‌ನ ಕಾರ್ಖಾನೆಯಲ್ಲಿ ಸಾಣೆ ಚಕ್ರಗಳ ಸಣ್ಣ ಗುಂಯ್‌ಗುಡುವಿಕೆಯ ನಡುವೆ ಜಯಂತಿಭಾಯಿ ಒಂದು ಮೋಟಾರು ಬಿಚ್ಚಿಕೊಂಡು ಕೂತಿದ್ದರು. ಐವತ್ತು ದಾಟಿದವರು, ತೆಳ್ಳಗಿನ ಆಸಾಮಿ. ಕೇಂದ್ರದಿಂದ ಬಂದಿದ್ದೇನೆ ಎಂದ ಕೂಡಲೇ ಕೈ ಒರೆಸಿಕೊಂಡು ಎದ್ದುನಿಂತರು. ಹೊರಗೆ ಚಹಾ ಅಂಗಡಿಯ ಬೆಂಚಿನ ಮೇಲೆ ರಿಜಿಸ್ಟರ್ ತೆರೆದು ಏಪ್ರಿಲ್ 19ರ ಸಾಲು ತೋರಿಸಿದೆ. ಹಿಂದಿಯಲ್ಲಿ ಕೇಳಿದೆ, ಏಳು ಸೆಕೆಂಡು ಹಿಂದೋ, ಮುಂದೋ?

ಅವರು ಯೋಚಿಸಲೇ ಇಲ್ಲ. "ಪಾಛಳ್," ಎಂದರು. ಹಿಂದೆ. ಆಂಟೆನಾ ಜೋಡಿಸುವ ಮೊದಲು ರೇಡಿಯೊದ ಸಮಯದ ಪೀಪ್ ಸದ್ದಿಗೆ ಹೋಲಿಸಿ ನೋಡಿದ್ದರಂತೆ. ರೇಡಿಯೊದಲ್ಲಿ ಗಂಟೆಯಾದ ಮೇಲೆ ಏಳೆಣಿಸಿದರೆ ನಮ್ಮ ಗಡಿಯಾರದಲ್ಲಿ ಗಂಟೆಯಾಯಿತು. ಆ ಎಂಬತ್ತಮೂರು ದಿನದ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಮುಖ್ಯಸ್ಥರಿಗೆ ಬಾಯಲ್ಲೂ ಹೇಳಿದ್ದರಂತೆ. ಷರಾದಲ್ಲಿ ಇದೆಯಲ್ಲ, ಓದುವವರು ಓದಿಕೊಳ್ಳುತ್ತಾರೆ ಎಂದಿದ್ದರಂತೆ ಅವರು.

ಆಮೇಲೆ ಜಯಂತಿಭಾಯಿ ಪುಟ ತಿರುವಿ ಜನವರಿ 26ರ ತಮ್ಮ ಕೈಬರಹವನ್ನು ಸ್ವಲ್ಪ ಹೊತ್ತು ನೋಡಿದರು. ಅಂದು ಅವರು ಮಣಿನಗರ ತಲುಪಿದಾಗ ಅವರ ಕಟ್ಟಡ ಇದ್ದ ಕಡೆ ಧೂಳಿತ್ತು. ಹೆಂಡತಿ ಹಾಲು ತರಲು ಹೊರಗೆ ಹೋಗಿದ್ದರಿಂದ ಉಳಿದಿದ್ದರು. ಅಣ್ಣನ ಮಗಳು ಒಳಗಿದ್ದಳು. ಹನ್ನೊಂದು ದಿನ ಯಾಕೆ ಅವರ ಕೈಬರಹ ಇಲ್ಲವೆಂದು ನಾನು ಕೇಳಬೇಕಾಗಿ ಬರಲಿಲ್ಲ.

"ನಾನು ಬರೆದಿದ್ದೆನಲ್ಲ ಸಾಹೇಬ್," ಎಂದರು. "ಆ ದಿನವೂ ಬರೆದೇ ಹೋಗಿದ್ದೆ. ನೀವು ಓದಲಿಲ್ಲವೇ?"

ಆ ಪ್ರಶ್ನೆಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಸಂಜೆ ಐದೂವರೆಗೆ ವಡೋದರಾದಲ್ಲಿ ಇಳಿದೆ. ಶೈಲಜಾ ತನ್ನ ಕೊಠಡಿಯಲ್ಲಿ ಪ್ರೊಜೆಕ್ಟರಿಗೆ ಹಾಕುವ ಹಾಳೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದಳು. ಏನು ಹೇಳಬೇಕೆಂದು ದಾರಿಯಲ್ಲಿ ಕಟ್ಟಿಕೊಂಡಿದ್ದ ಮಾತುಗಳೆಲ್ಲ ಮರೆತವು. ರಿಜಿಸ್ಟರನ್ನು ಅವಳ ಮುಂದಿಟ್ಟು ಮೂರು ಸಾಲುಗಳನ್ನು ಓದಿ ಹೇಳಿದೆ. ಅವಳು ಪೆನ್ಸಿಲ್ ತೆಗೆದುಕೊಂಡಳು. ಏಳು ಭಾಗಿಸು ಎಪ್ಪತ್ತೊಂದು ಲಕ್ಷ. ನಾನು ಹಾಕಿದ ಲೆಕ್ಕವನ್ನೇ ಅವಳೂ ಹಾಕಿದಳು. ನಾನು ಕೇಳಿದ ಪ್ರಶ್ನೆಯನ್ನೇ ಕೇಳಿದಳು.

"ಹಿಂದಿತ್ತೋ, ಮುಂದಿತ್ತೋ?"

"ಹಿಂದೆ. ಇವತ್ತು ಸೂರತ್‌ಗೆ ಹೋಗಿ ಕೇಳಿಕೊಂಡು ಬಂದೆ."

ಪೆನ್ಸಿಲನ್ನು ನಿಧಾನವಾಗಿ ಕೆಳಗಿಟ್ಟಳು. ಕಾರಿಡಾರಿನಲ್ಲಿ ಯಾರೋ ನಾಳೆಗೆ ಕುರ್ಚಿಗಳನ್ನು ಎಳೆದು ಹಾಕುತ್ತಿದ್ದರು. ಆಮೇಲೆ ಅವಳು ಹೇಳಿದ್ದು ನನಗೆ ಇಂದಿಗೂ ಶಬ್ದಶಃ ನೆನಪಿದೆ. "ನಕ್ಷತ್ರ ಪೂರಾ ಆರಾಮಾಗಿದ್ದು ನೋಡಿ ಸಂತೋಷಪಟ್ಟಿದ್ದೆ ನಾ. ಅದಕ್ಕ ಸಂಶಯ ಬರಬೇಕಾಗಿತ್ತು. ಹಂಗ ಪೂರಾ ಆರಾಮ ಯಾರಿಗೂ ಆಗೂದಿಲ್ಲ."

ಆರೋಗ್ಯ ಸರಿಯಿಲ್ಲವೆಂದು ಭಾಷಣ ರದ್ದು ಮಾಡೋಣ, ಪ್ರಬಂಧವನ್ನು ಸದ್ದಿಲ್ಲದೆ ಹಿಂಪಡೆಯೋಣ, ಹುದ್ದೆಯವರಿಗೆ ಕಾರಣ ಹೇಳಬೇಕಾಗಿಲ್ಲ ಎಂದೆ. ಇದು ನನ್ನ ತಪ್ಪು, ನಿನ್ನದಲ್ಲ ಎಂದೂ ಹೇಳಿದೆ.

"ಬ್ಯಾಡ್ರಿ ಸರ್," ಎಂದಳು. "ನನಗ ಆ ಪುಟಗಳದ್ದೊಂದು ಹಾಳಿ ಮಾಡಿಸಿ ಕೊಡ್ರಿ. ಮೂರೂ ಸಾಲು ಕಾಣಬೇಕು."

ಶನಿವಾರ ಹನ್ನೊಂದಕ್ಕೆ ಸಭಾಂಗಣ ತುಂಬಿತ್ತು. ಸಿದ್ಧಾಂತಿಗಳು ಒಂದು ಕಡೆ, ವೀಕ್ಷಕರು ಇನ್ನೊಂದು ಕಡೆ, ನಡುವೆ ನಡೆದಾಡುವ ಜಾಗ. ದಕ್ಷಿಣದ ಇಬ್ಬರು ಹಿರಿಯರು ಮೊದಲ ಸಾಲಿನಲ್ಲಿದ್ದರು. ಶೈಲಜಾ ಇಪ್ಪತ್ತು ನಿಮಿಷ ತನ್ನ ಸಿದ್ಧಾಂತವನ್ನು ಪೂರ್ತಿಯಾಗಿ ವಿವರಿಸಿದಳು, ಅದು ಎಷ್ಟು ಚೆನ್ನಾಗಿ ಹೊಂದುತ್ತದೆ ಎಂಬುದನ್ನೂ ತೋರಿಸಿದಳು. ಎಲ್ಲರೂ ತಲೆದೂಗುತ್ತಿದ್ದಾಗ ಕೊನೆಯ ಹಾಳೆಯನ್ನು ಹಾಕಿದಳು. ಪರದೆಯ ಮೇಲೆ ಜಯಂತಿಭಾಯಿಯ ಕೈಬರಹ ಬಂತು. ಅವಳಿಗೆ ಗುಜರಾತಿ ಓದಲು ಬಾರದು. ಯಾರಾದರೂ ಓದಿ ಹೇಳಬಹುದೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ರಿಜಿಸ್ಟರುಗಳನ್ನು ಕಿರಾಣಿ ಪುಸ್ತಕ ಎಂದಿದ್ದ ಹಿರಿಯ ಪ್ರೊಫೆಸರರೇ ಎದ್ದರು. ಅವರು ಅಹಮದಾಬಾದಿನವರೇ. ತಾರೀಖು ಓದಿದರು. ಭೂಕಂಪ ಎಂದು ಓದಿದರು. 'ಮನೆಗೆ ಹೋಗುತ್ತಿದ್ದೇನೆ' ಎಂಬಲ್ಲಿಗೆ ಬಂದಾಗ ಅವರ ಧ್ವನಿ ನಿಂತಿತು. ಉಳಿದ ಎರಡು ಸಾಲುಗಳನ್ನು ವೀಕ್ಷಕರ ಕಡೆಯಿಂದ ಒಬ್ಬರು ಎದ್ದು ಬಂದು, ಅವರ ಪಕ್ಕದಲ್ಲಿ ನಿಂತು ಓದಿ ಮುಗಿಸಿದರು. ಎರಡೂ ಕಡೆಯವರು ಒಂದೇ ಕಾಗದವನ್ನು ಒಟ್ಟಿಗೆ ಓದಿದ್ದನ್ನು ನಾನು ಮೊದಲ ಬಾರಿಗೆ ನೋಡಿದ್ದು ಅಂದು.

ಪ್ರಬಂಧವನ್ನು ಸೋಮವಾರ ಹಿಂಪಡೆದೆವು. ದಕ್ಷಿಣದ ಹುದ್ದೆ ಶೈಲಜಾಳಿಗೆ ಸಿಗಲಿಲ್ಲ, ಪ್ರಕಟಿತ ಕೆಲಸ ಸಾಲದು ಎಂದರು. ಒಂದು ವರ್ಷ ಹುಬ್ಬಳ್ಳಿಯ ಕಾಲೇಜಿನಲ್ಲಿ ಪಾಠ ಮಾಡಿ, ಆಮೇಲೆ ಅವಳು ಇನ್ನೊಂದು ವೀಕ್ಷಣಾ ಕೇಂದ್ರಕ್ಕೆ ಸೇರಿದಳು, ಸಿದ್ಧಾಂತಿಯಾಗಿಯೇ. ಆ ಕಳೆದ ವರ್ಷಗಳನ್ನು ನಾನು ಅವಳಿಗೆ ಮರಳಿ ಕೊಡಲಾರೆ. ನಿವೃತ್ತನಾಗಿ ಈಗ ಇಷ್ಟು ಕಾಲವಾದರೂ ಒಮ್ಮೊಮ್ಮೆ ಕನಸಿನಲ್ಲಿ ನಾನು ಹೋಟೆಲಿನ ಅದೇ ಮೇಜಿನ ಮುಂದೆ ಡೈರಿ ತೆರೆದು ಕೂತಿರುತ್ತೇನೆ. ಎದುರಿನ ಕುರ್ಚಿಯಲ್ಲಿ ಶೆಟ್ಟರಿರುವುದಿಲ್ಲ. ನಾನು ತಾರೀಖು ಬರೆದು, ಡೈರಿ ಮುಚ್ಚಿ, ಊಟಕ್ಕೆ ಕೈ ತೊಳೆಯಲು ಏಳುತ್ತೇನೆ.

ಇಬ್ಬರನ್ನು ಹತ್ತಿರ ತರಬೇಕೆಂದರೆ ನಡುವಿನ ತೊಡಕನ್ನೆಲ್ಲ ಗುಡಿಸಿ ತೆಗೆಯಬೇಕೆಂದು ನಾನು ತಿಳಿದಿದ್ದೆ. ನಾನು ಗುಡಿಸಿ ಹಾಕಿದ್ದರಲ್ಲಿ ಒಬ್ಬ ಮನುಷ್ಯ ಇದ್ದ, ಅವನ ಆ ದಿನವೂ ಇತ್ತು. ಮುಂದಿನ ಪಟ್ಟಿಗಳಲ್ಲಿ ಷರಾ ಕಾಲಂ ಮೊದಲನೆಯದಾಯಿತು, ತಾರೀಖು ಮನುಷ್ಯರ ಪಂಚಾಂಗದಲ್ಲೂ ಬಂತು. ಆದರೆ ನನಗಿಂತ ಚೆನ್ನಾಗಿ ಈ ಪಾಠ ಕಲಿತವಳು ಶೈಲಜಾ. ಕೆಲವು ವರ್ಷಗಳ ಹಿಂದೆ ಒಂದು ಸಭೆಯಲ್ಲಿ ಅವಳನ್ನು ನೋಡಿದೆ. ಎಳೆಯ ವೀಕ್ಷಕನೊಬ್ಬ ಹೊಸ ಗ್ಲಿಚ್ ಸಿಕ್ಕಿದೆಯೆಂದು ಉತ್ಸಾಹದಿಂದ ನಕ್ಷೆ ತೋರಿಸಿದ. ಉಳಿದವರು ಪ್ರಮಾಣ ಎಷ್ಟು, ಚೇತರಿಕೆ ಎಷ್ಟು ಎಂದು ಕೇಳುತ್ತಿದ್ದರು. ಶೈಲಜಾ ಹಿಂದಿನ ಸಾಲಿನಿಂದ ಕೈಯೆತ್ತಿ ಒಂದೇ ಪ್ರಶ್ನೆ ಕೇಳಿದಳು: ಆ ದಿನ ಡ್ಯೂಟಿಯಲ್ಲಿ ಯಾರಿದ್ದರು?